ಗೋಡೆಯಾಚೆಯ ಬಳ್ಳಿ

ಗಂಡನ ಕರಿ ಕೋಟಿನ ಜೇಬಿಗೆ ಕೈ ಹಾಕಿದ ಸೊಲಾಂಜ್ ಹಾಗೇ ನಿಂತುಬಿಟ್ಟಳು. ಬೆರಳಿಗೆ ಒಣಗಿದ ಎಲೆಯೊಂದು ಸಿಕ್ಕಿತ್ತು. ಚರ್ಚಿಗೆ ಹಾಕಿಕೊಳ್ಳುವ ಕೋಟನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ!

"ಏನತ್ತಿಗೆ, ಗಂಟೇನಾದ್ರೂ ಸಿಕ್ತಾ?" ಎಂದಳು ಒದೀಲ್. ಸತ್ತವನ ತಂಗಿ. ಅಣ್ಣನ ಕಾಲಿಗೆ ಬೂಟು ತೊಡಿಸುತ್ತಾ ಅಳುವುದನ್ನೂ ತಮಾಷೆ ಮಾಡುವುದನ್ನೂ ಒಟ್ಟಿಗೇ ನಡೆಸಿದ್ದಳು.

"ಕಸ," ಎಂದು ಸೊಲಾಂಜ್ ಅದನ್ನು ಅಂಗೈಯಲ್ಲೇ ಪುಡಿಮಾಡಿ ಒಲೆಗೆ ಹಾಕಿದಳು. ಕೆಂಪು ಪುಡಿ ಬೆರಳ ಸಂದಿಯಲ್ಲಿ ಉಳಿಯಿತು.

ಒನೊರೆ ಸತ್ತದ್ದು ತೋಟದಲ್ಲೇ. ಬೆಳಗಿನ ಕಾಫಿಗೆ ಬರಲಿಲ್ಲವೆಂದು ಹುಡುಕಿ ಹೋದಾಗ ಬಳ್ಳಿಸಾಲಿನ ನಡುವೆ ಮಗ್ಗುಲಾಗಿ ಬಿದ್ದಿದ್ದ. ಜೇಬು ತುಂಬ ಕೆಂಪೆಲೆ. ಡಾಕ್ಟರನ್ನು ಕರೆಯುವ ಮೊದಲು, ಅಳುವುದಕ್ಕೂ ಮೊದಲು, ಅವಳು ಆ ಜೇಬುಗಳನ್ನು ಖಾಲಿ ಮಾಡಿದ್ದಳು.

ಅಂಗಳದಲ್ಲಿ ಊರವರು ಸೇರಿದ್ದರು. ಗಾಳಿ ಅಲ್ಲಾಡುತ್ತಿರಲಿಲ್ಲ. ಒನೊರೆಯ ವೈನ್ ಬಾಟಲಿಯ ಮೇಲೆ ಶಾತೊ ಪುಯಿಲೂಬ್, ಅಂದರೆ ಪುಯಿಲೂಬ್ ಅರಮನೆ, ಎಂದು ಬರೆದು ಚಿತ್ರ ಹಾಕಿದ್ದರೂ, ನಿಜಕ್ಕೂ ಇದ್ದದ್ದು ಒಂದು ಹೆಂಚಿನ ಮನೆ, ಪೀಪಾಯಿ ಇಡುವ ಕೊಟ್ಟಿಗೆ, ನದಿಯ ಕಡೆಗೆ ಇಳಿಯುವ ಗರಸು ನೆಲದ ತೋಟ, ಅಷ್ಟೇ. ಆದರೂ ಫ್ರಾನ್ಸಿನ ಮೆದೋಕ್ ಸೀಮೆಯ ಈ ಮೂಲೆಯಲ್ಲಿ ಮದುವೆಯಿರಲಿ, ಮಣ್ಣಿರಲಿ, ಒನೊರೆಯ ಕೆಂಪು ವೈನಿಲ್ಲದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

"ಹೊತ್ತು ಹುಟ್ಟೋಕ್ ಮುಂಚೆ ತೋಟದಲ್ಲಿರೋನು ಕಣಯ್ಯ," ಎನ್ನುತ್ತಿದ್ದ ಒಬ್ಬ ಮುದುಕ. "ಒಂದೊಂದ್ ಎಲೇನೂ ಮುಟ್ಟಿ ನೋಡೋನು."

"ಅಂಥೋರು ಇನ್ನೆಲ್ಲಿ ಬಿಡು."

ಕಿಟಕಿಯ ಹಿಂದೆ ನಿಂತಿದ್ದ ಸೊಲಾಂಜಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಅಯ್ಯೋ, ಬಳ್ಳಿ!" ಒದೀಲ್ ಹಣೆ ಬಡಿದುಕೊಂಡಳು. "ಪೆಟ್ಟಿಗೆ ಮೇಲೆ ಇಡೋಕೆ ಬಳ್ಳಿ ಕುಯ್ದೇ ಇಲ್ವಲ್ಲ ಅತ್ತಿಗೆ!"

ದ್ರಾಕ್ಷಿ ಬೆಳೆದವನನ್ನು ಗೊಂಚಲಿರುವ ಬಳ್ಳಿಯ ತುಂಡಿಲ್ಲದೆ ಈ ಊರಿನಲ್ಲಿ ಕಳಿಸುವುದಿಲ್ಲ. ಕುಯ್ಯಬೇಕಾದವಳು ಹೆಂಡತಿ, ಅದೂ ಅವನ ಕೈಯಾಡಿದ ತೋಟದಿಂದ.

"ನನ್ ಕಾಲು ನಡೀತಿಲ್ಲ ಒದೀಲ್."

"ನಾನು ತರ್ತೀನಿ ಬಿಡಿ ಅಮ್ಮ," ಎಂದು ಬಾಗಿಲಲ್ಲಿದ್ದ ತಿಬೊ ಮುಂದೆ ಬಂದ. ಗೋಡೆಯಾಚೆಯ ತೋಟ ಅವನದು; ನೆಂಟನಲ್ಲದಿದ್ದರೂ ಒನೊರೆಯನ್ನು ಮಾವ ಎನ್ನುತ್ತಿದ್ದ. ಪಟ್ಟಣದ ಬಂದರಿನ ಕೆಲಸ ಬಿಟ್ಟು, ಇದ್ದದ್ದನ್ನೆಲ್ಲ ಸುರಿದು ಬಳ್ಳಿ ನೆಟ್ಟವನು. ಈ ವರ್ಷ ಮೊದಲ ಫಸಲು. ತುಂಬು ಬಸುರಿ ಹೆಂಡತಿ ಅಂಗಳದ ಬೆಂಚಿನ ಮೇಲೆ ಕೂತಿದ್ದಳು.

"ಬೇಡ!"

ಎಲ್ಲರೂ ತಿರುಗಿ ನೋಡಿದರು. ಸೊಲಾಂಜ್ ದನಿ ಇಳಿಸಿದಳು. "ಬೀದಿ ಪಕ್ಕದ ಸಾಲಲ್ಲೇ ಕುಯ್ಕೊಂಡ್ ಬಾ ಮಗ. ಹಿಂದಿನ ತೋಟಕ್ಕೆ ಹೋಗ್ಬೇಡ."

ಅವನು ಕತ್ತರಿ ಹಿಡಿದು ಹೊರಟ. ಅವನ ತೋಳಿನ ಮೇಲೆ ಒಂದು ಸಣ್ಣ ಜಿಗಿಹುಳ ಕೂತಿತ್ತು. ಅವಳು ನೋಡುತ್ತಿದ್ದಂತೆಯೇ ಎಗರಿ ಎಲ್ಲೋ ಹೋಯಿತು.

*

ಹೋದ ವರ್ಷದ ಬೇಸಿಗೆಯಲ್ಲಿ ಅವಳು ಒನೊರೆಯನ್ನು ಹಿಂದಿನ ತೋಟದಲ್ಲಿ ಹಿಡಿದಿದ್ದಳು. ಅವನ ಅಪ್ಪ ನೆಟ್ಟ ಬಳ್ಳಿಗಳವು. ಕೊಯ್ಲಿಗೆ ಇನ್ನೂ ದಿನವಿರುವಾಗಲೇ ಕೆಂಪಾಗಿ ಸುರುಳಿದ ಎಲೆಗಳನ್ನು ಕಿತ್ತು ಕಿತ್ತು ಜೇಬಿಗೆ ತುಂಬುತ್ತಿದ್ದ.

"ಜಿಗಿಹುಳ ಹರಡೋ ಆ ಕೆಂಪೆಲೆ ರೋಗನೇನ್ರೀ?"

ಒನೊರೆ ಇನ್ನೊಂದು ಎಲೆ ಕಿತ್ತ.

"ಕೃಷಿ ಇಲಾಖೆಯೋರಿಗೆ ಹೇಳ್ಬೇಕಲ್ವಾ?"

"ಹೇಳಿದ್ರೆ ಬೇರುಸಮೇತ ಕೀಳಿಸ್ತಾರೆ ಕಣೇ. ಇಡೀ ತೋಟನ. ಅಪ್ಪನ್ನೇ ಕಿತ್ತ ಹಾಗೆ."

"ಹುಳ ಗೋಡೆ ದಾಟಲ್ವಾ? ಆಚೆ ಆ ಹುಡುಗ..."

"ಇದೊಂದು ಕೊಯ್ಲು ಮುಗೀಲಿ," ಎಂದಿದ್ದ. ಕಣ್ಣಲ್ಲಿ ನೀರಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಮುಂದೆ ಅತ್ತದ್ದು ಅದೊಂದೇ ಸಲ. ಇಲಾಖೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಕೊಯ್ಲು ಮುಗಿಯಿತು. ಈ ವರ್ಷವೂ ಅದೇ ಮಾತು ಹೇಳಿದ. ಬೆನ್ನು ಬಗ್ಗದಾದಾಗ ಕೆಳಗಿನ ಎಲೆಗಳನ್ನು ಅವಳೇ ಕಿತ್ತುಕೊಟ್ಟಳು.

*

ಚರ್ಚಿನ ಗಂಟೆ ಮೊಳಗತೊಡಗಿತು. ಪೆಟ್ಟಿಗೆ ಚರ್ಚಿನ ಬಾಗಿಲಿಗೆ ಬಂದರೂ ತಿಬೊನ ಸುಳಿವಿಲ್ಲ. ಇಷ್ಟು ಹೊತ್ತು ಯಾಕೆ? ಹಿಂದಕ್ಕೆ ಹೋದನೇ? ಒನೊರೆ ಸತ್ತಮೇಲೆ ಎಲೆ ಕೀಳುವವರಿಲ್ಲದೆ ಅಲ್ಲಿ ಈಗ ಎಲ್ಲವೂ ಕೆಂಪಾಗಿರಬೇಕು.

ಹೇಳಿಬಿಡುತ್ತೇನೆ, ಎಂದುಕೊಂಡಳು ಸೊಲಾಂಜ್. ಮಣ್ಣು ಮುಗಿದ ಕೂಡಲೇ ಆ ಹುಡುಗನನ್ನು ಪಕ್ಕಕ್ಕೆ ಕರೆದು ಹೇಳಿಬಿಡುತ್ತೇನೆ. ಈಗಲಾದರೂ ನೋಡಿಸಿದರೆ ಅವನ ತೋಟವಾದರೂ ಉಳಿದೀತು. ಸತ್ತವನ ಮಾನ ಹೋದರೆ ಹೋಗಲಿ. ಹಾಗೆ ಅಂದುಕೊಂಡ ಮೇಲೆ ಎಷ್ಟೋ ದಿನದ ಉಸಿರು ಹೊರಗೆ ಬಂದಂತಾಯಿತು.

ಅಷ್ಟರಲ್ಲಿ ತಿಬೊ ಓಡುತ್ತಾ ಬಂದ. ಮುಖವೆಲ್ಲ ಬೆವರು.

"ತಡವಾಯ್ತು, ಬೈಬೇಡಿ ಅಮ್ಮ. ನಿಮ್ಮ ಸಾಲಿನ ಹತ್ರ ಹೋದೆ, ಆಮೇಲೆ ಮನಸ್ಸು ತಡೀಲಿಲ್ಲ. ನನ್ನ ತೋಟದ್ದೇ ತಂದೆ. ನೆಡೋವಾಗ ಒಂದೊಂದು ಗುಣೀಗೂ ಮಾವನೇ ನಿಂತಿದ್ರಲ್ಲ. ಅದೂ ಅವರ ಕೈಯಾಡಿದ ತೋಟನೇ ತಾನೆ? ನನ್ನ ಮೊದಲ ಫಸಲು ಅವರ ಜೊತೆ ಹೋಗ್ಲಿ."

"ಬಂಗಾರದಂಥ ಹುಡುಗ," ಎಂದು ಒದೀಲ್ ಗೊಳೋ ಎಂದಳು.

ತಿಬೊ ಬಳ್ಳಿಯನ್ನು ಮೆಲ್ಲಗೆ ಪೆಟ್ಟಿಗೆಯ ಮೇಲೆ ಮಲಗಿಸಿದ. ಗೊಂಚಲು ಸೊರಗಿತ್ತು. ಮೇಲಿನ ಎಲೆ ನರನರವೂ ಕೆಂಪಾಗಿ, ಅಂಚು ಕೆಳಕ್ಕೆ ಸುರುಳಿಕೊಂಡಿತ್ತು.

"ಚೆನ್ನಾಗಿ ಬಣ್ಣ ತಿರುಗಿದೆ, ಅಲ್ವಾ?" ಎಂದ. "ನಂಗೆ ಮೊದಲು ಭಯ ಆಗಿತ್ತು. ಹೋದ ತಿಂಗಳು ಮಾವನ್ನ ಕರ್ಕೊಂಡ್ ಹೋಗಿ ತೋರಿಸ್ದೆ. ಬಿಸಿಲಿಗೆ ಹಾಗಾಗುತ್ತೆ, ಏನಿಲ್ಲ ಬಿಡು ಅಂದ್ರು."

ಹೋದ ತಿಂಗಳು. ಇದನ್ನು ಒನೊರೆ ಅವಳಿಗೂ ಹೇಳಿರಲಿಲ್ಲ.

ಅಂಗಳದಲ್ಲಿ ಅಷ್ಟು ಹೊಗಳಿದ್ದ ಮುದುಕ ಕನ್ನಡಕ ಸರಿಮಾಡಿಕೊಳ್ಳುತ್ತಾ ಪೆಟ್ಟಿಗೆಯ ಹತ್ತಿರಕ್ಕೆ ಬರುತ್ತಿದ್ದ. ತಿಬೊನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಸೊಲಾಂಜ್ ಬಾಯಿ ತೆರೆದಳು.

ಮಾತು ಬರಲಿಲ್ಲ. ಕೈ ಬಂತು. ಅದು ತಾನಾಗಿ ಮುಂದೆ ಹೋಗಿ, ಕೆಂಪೆಲೆಯ ತೊಟ್ಟನ್ನು ಉಗುರಿನಲ್ಲಿ ಚಿವುಟಿ, ಅವಳದೇ ಕರಿ ಕೋಟಿನ ಜೇಬಿಗೆ ಹಾಕಿಕೊಂಡಿತು.

ಅದರ ಕೆಳಗಿನ ಎಲೆಯೂ ಕೆಂಪಾಗಿತ್ತು.