ಈ ವರ್ಷವೂ ಸರಿಹೋದ ಅಂಗಿ

ನಡುರಾತ್ರಿ ಕಟಕಟ ಸದ್ದಿಗೆ ಹೊಲಿಗೆಯಮ್ಮನಿಗೆ ಎಚ್ಚರವಾಯಿತು. ಇಲಿ ಬಟ್ಟೆಗೆ ಬಾಯಿ ಹಾಕಿತೇನೋ ಎಂದು ದೀಪ ಹಾಕಿದರೆ, ಎಂಟು ವರ್ಷದ ಮಗಳು ಮಷಿನ್ನಿನ ಕೆಳಗೆ ಕೂತು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕಡಿಯುತ್ತಿದ್ದಾಳೆ. ತುಟಿಯೆಲ್ಲ ಬಿಳಿ.

ಗದರಿಸಿ ಮಲಗಿಸಿದಳು. ತನಗೆ ನಿದ್ದೆ ಹತ್ತಲಿಲ್ಲ. ಹಿಂದಿನ ವಾರವಷ್ಟೇ ಆರೋಗ್ಯ ಕೇಂದ್ರದ ನರ್ಸಮ್ಮ ಮನೆಮನೆಗೆ ಬಂದು ಮಕ್ಕಳ ಆರೋಗ್ಯ ವಿಚಾರಿಸಿದ್ದರು. ನನ್ನ ಮಗಳು ಗುಂಡುಕಲ್ಲಿನ ಹಾಗಿದ್ದಾಳೆ ಎಂದಿದ್ದಳು ಇವಳು. ಒಂದು ಹನಿ ರಕ್ತ ನೋಡೋಣವೇ ಎಂದು ಕೇಳಿದ್ದಕ್ಕೆ ರೇಗಿಹೋಗಿತ್ತು.

"ಹೆತ್ತವಳ ಕಣ್ಣಿಗೆ ಕಾಣದ್ದು ನಿಮ್ಮ ಸೂಜಿಗೆ ಕಾಣುತ್ತಾ ಸಿಸ್ಟರ್? ಸೂಜಿ ನನ್ನ ಹತ್ರಾನೂ ಇದೆ" ಎಂದು ಅಕ್ಕಪಕ್ಕದವರನ್ನೆಲ್ಲ ನಗಿಸಿ, ನರ್ಸಮ್ಮನನ್ನು ಸಾಗಹಾಕಿದ್ದಳು.

ಬೆಳಗಾಗುತ್ತಲೇ ಮಗಳ ಕೈ ಹಿಡಿದು ಕೇಂದ್ರಕ್ಕೆ ಹೋದಳು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಸೀಮೆಸುಣ್ಣದ ಸಂಗತಿ ಹೇಳಿದವಳನ್ನು ನರ್ಸಮ್ಮ ಹಳೆಯದೇನನ್ನೂ ಎತ್ತದೆ ಒಳಗೆ ಕರೆದರು. ಬೆರಳು ಚುಚ್ಚಿ ನೋಡಿದರೆ, ಹನ್ನೊಂದೂವರೆಯಾದರೂ ಇರಬೇಕಾದ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, ಎಂಟೂವರೆ. ಗೋಡೆಗೆ ನಿಲ್ಲಿಸಿ ನೋಡಿದರು. ಎತ್ತರವೂ ವಯಸ್ಸಿಗೆ ತಕ್ಕಷ್ಟಿರಲಿಲ್ಲ.

ಹೊಲಿಗೆಯಮ್ಮನಿಗೆ ಸಮವಸ್ತ್ರದ ಅಳತೆ ನೆನಪಾಯಿತು. ಶಾಲೆ ತೆರೆಯುವ ಮೊದಲು ಬೀದಿಯ ಮಕ್ಕಳಿಗೆಲ್ಲ ಟೇಪು ಹಿಡಿಯುವವಳು ಅವಳೇ. ಈ ಸಲ ಎಲ್ಲರ ಸಮವಸ್ತ್ರವನ್ನೂ ಎರಡೆರಡು ಬೆರಳು ಉದ್ದ ಮಾಡಬೇಕಾಗಿತ್ತು. ಮಗಳಿಗೆ ಮಾತ್ರ ಹೋದ ವರ್ಷದ ಅಂಗಿಯೇ ಸರಿಹೋಯಿತಲ್ಲ, ಸದ್ಯ, ಒಂದು ಕೆಲಸ ಉಳಿಯಿತು ಎಂದು ಖುಷಿಪಟ್ಟಿದ್ದಳು.

"ನೀವು ಸುಳ್ಳು ಹೇಳಿಲ್ಲಮ್ಮ" ಎಂದರು ನರ್ಸಮ್ಮ. "ಜ್ವರ ಇಲ್ಲ, ಕೆಮ್ಮಿಲ್ಲ ಅಂದ್ರೆ ಆರಾಮ ಅಂದ್ಕೊಳ್ತೀವಿ ನಾವೆಲ್ಲ. ರಕ್ತ ಕಡಿಮೆ ಆದ ಮಗು ಅಳಲ್ಲ, ಸುಮ್ಮನಾಗುತ್ತೆ ಅಷ್ಟೆ. ಸುಣ್ಣ, ಮಣ್ಣು ತಿನ್ನೋದೂ ಅದರ ಗುರುತಾಗಿರಬಹುದು."

ಕಬ್ಬಿಣಾಂಶದ ಔಷಧಿ, ಜಂತುಹುಳುವಿನ ಮಾತ್ರೆ ಕೊಟ್ಟರು. ಸೊಪ್ಪು, ಕಾಳು, ಮೊಟ್ಟೆ ತಪ್ಪಿಸಬೇಡಿ, ತಿಂಗಳಿಗೆ ಮತ್ತೆ ಕರೆತನ್ನಿ ಎಂದರು. ಆಮೇಲೆ ಮಗುವನ್ನೇ ಕೇಳಿದರು, ಸುಸ್ತಾಗುತ್ತಾ ಪುಟ್ಟಿ ಎಂದು.

"ಮೆಟ್ಟಿಲು ಹತ್ತಿದ್ರೆ ಎದೆ ಡಬಡಬ ಅನ್ನುತ್ತೆ. ಅಮ್ಮಂಗೆ ಹೇಳಿಲ್ಲ. ಹೇಳಿದ್ರೆ ಅಮ್ಮ ಮಷಿನ್ ನಿಲ್ಲಿಸ್ಬೇಕಾಗುತ್ತಲ್ಲ."

ಅಕ್ಕತಂಗಿಯರೇ, ಮಗು ಚೆನ್ನಾಗಿದೆ ಎಂಬ ನಮ್ಮ ಮಾತಷ್ಟೇ ಸಾಲದು, ಮಗುವಿನ ಮಾತೂ ಸಾಲದು. ಆಡಿಕೊಂಡಿರುವ ಮಗುವನ್ನೂ ಕರೆದೊಯ್ದು ತೂಕ, ಎತ್ತರ, ರಕ್ತ ನೋಡಿಸಿ. ಅಳತೆ ಕೊಡಲು ಬಂದವರಿಗೆಲ್ಲ ಹೊಲಿಗೆಯಮ್ಮ ಈಗ ಇದನ್ನೇ ಹೇಳುತ್ತಾಳೆ. ಎಂಟೂವರೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಮಷಿನ್ ನಿಲ್ಲಿಸುವ ಬಗ್ಗೆ ಮಗಳು ಆಡಿದ ಆ ಮಾತನ್ನು ಮಾತ್ರ ಯಾರ ಮುಂದೆಯೂ, ಗಂಡನ ಮುಂದೆಯೂ ಎತ್ತಬಾರದೆಂದು ಅವಳು ಅಂದು ಮನೆಗೆ ಬರುವ ದಾರಿಯಲ್ಲೇ ನಿರ್ಧರಿಸಿದ್ದಳು.