ಬೆಂಕಿ ಇತ್ತು

ಕುಂದಾಪುರದ ಅರಣ್ಯ ಕಚೇರಿಯ ಕಂಪ್ಯೂಟರ್ ಪರದೆಯ ಹಸಿರಿನ ನಡುವೆ ಕೆಂಪು ಚೌಕವೊಂದು ಮೂಡಿದಾಗ ನವ್ಯಶ್ರೀ ಬುತ್ತಿಯ ಮುಚ್ಚಳ ತೆಗೆದು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದಳು. ಮಧ್ಯಾಹ್ನ ಉಪಗ್ರಹ ಹಾದುಹೋಗುವ ಹೊತ್ತೂ ಅವಳ ಊಟದ ಹೊತ್ತೂ ಒಂದೇ. ಹೀಗಾಗಿ ಬೇಸಿಗೆಯಲ್ಲಿ ಅವಳು ನೆಮ್ಮದಿಯಾಗಿ ಉಂಡದ್ದೇ ಇಲ್ಲ. ಕಾಡಿನಲ್ಲಿ ಎಲ್ಲಿ ಬಿಸಿ ಕಂಡರೂ ಆಕಾಶದಿಂದ ಚಿತ್ರ ಬರುತ್ತದೆ. ಕಾವಲುಗಾರನಿಗೆ ಫೋನು ಮಾಡಿ, ಅದು ನಿಜವಾದ ಬೆಂಕಿಯೇ ಎಂದು ತಿಳಿದುಕೊಂಡು ಸಾಹೇಬರಿಗೆ ಮುಟ್ಟಿಸುವುದು ಅವಳ ಕೆಲಸ. ಹೆಚ್ಚಿನವು ಸುಡುಮಣ್ಣು. ರೈತರು ಗೊಬ್ಬರಕ್ಕೆಂದು ತರಗೆಲೆ, ಮಣ್ಣು ರಾಶಿ ಹಾಕಿ ಸುಡುವುದನ್ನು ಕಂಡು ಉಪಗ್ರಹ, ಪಾಪ, ಪ್ರತಿ ವರ್ಷವೂ ಗಾಬರಿಯಾಗುತ್ತದೆ.

ಆದರೆ ಈ ಚೌಕ ಬಿದ್ದಿದ್ದು ಬಿಜೂರಿನ ಮೂಡು ದಿಕ್ಕಿನ ಹಾಡಿಯ, ಊರಿಗೆ ತಾಗಿದ ಕಾಡಿನ, ಅಂಚಿನಲ್ಲಿ. ಅವಳ ಕೈ ಅಲ್ಲೇ ನಿಂತಿತು.

ಆ ಹಾಡಿಯ ಹಳೇ ಧೂಪದ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿತ್ತು. ಹೆಣ್ಣು ಒಳಹೊಕ್ಕು, ಒಂದು ಸಂದಿಯಷ್ಟೇ ಬಿಟ್ಟು ಬಾಗಿಲು ಮೆತ್ತಿಕೊಂಡು, ರೆಕ್ಕೆಯ ಗರಿಗಳನ್ನೂ ಉದುರಿಸಿ ಕೂತರೆ ಮರಿ ದೊಡ್ಡದಾಗುವವರೆಗೆ ಹೊರಗೆ ಬರುವುದಿಲ್ಲ. ಗಂಡು ಹಣ್ಣು ತಂದು ಸಂದಿಯಲ್ಲಿ ತಿನ್ನಿಸಬೇಕು. ಕಳೆದ ವಾರ ಕಾವಲುಗಾರ ಕುಷ್ಟ ಅವಳನ್ನು ಕರೆದುಕೊಂಡು ಹೋಗಿ ತೋರಿಸಿದ್ದ.

"ಈ ಸೆಖೆಗೆ ಒಳಗ್ ಹ್ಯಾಂಗ್ ಕೂಕಂತ್ತೋ!" ಎಂದಿದ್ದಳು ನವ್ಯಶ್ರೀ.

"ಬಾಣಂತಿ ಅಲ್ದಾ, ಗಾಳಿ ತಾಗೂಕಾಗ," ಎಂದು ಅವನು ಗಂಭೀರವಾಗಿಯೇ ಹೇಳಿದ್ದ. ಸಂದಿಯಿಂದ ಇಣುಕಿದ ಕೊಕ್ಕಿನ ತುದಿಯನ್ನು ಕಂಡಾಗ ಅವಳಿಗೆ ತನ್ನ ಮನೆಯದೇ ಹೆರಿಗೆಯಷ್ಟು ಖುಷಿಯಾಗಿತ್ತು.

ಈಗ ಅವನಿಗೆ ಫೋನು ಹಚ್ಚಿದಳು. ಹಾಡಿಯಲ್ಲಿ ಸಿಗ್ನಲ್ ಸಿಗುವುದು ಒಂದೇ ಒಂದು ಬಂಡೆಯ ಮೇಲೆ. ಅದೃಷ್ಟಕ್ಕೆ ಅವನು ಅಲ್ಲಿಯೇ ಇದ್ದ.

"ಸುಡುಮಣ್ಣ್ ಅಲ್ದಾ ಕುಷ್ಟಣ್ಣ?"

"ಹ್ವಾಯ್ ನವ್ಯಮ್ಮ, ಎಂತ ಸುಡುಮಣ್ಣ್! ಕಿಚ್ಚ್ ಇತ್ತ್. ಹಾಡಿ ಕೆಳಗೇ ಇತ್ತ್. ಸಣ್ಣದೇ, ಈಗ್ಲೇ ಜನ ಬಂದ್ರೆ ಆತ್ತ್."

"ಜೀಪ್ ಬತ್ತ್. ನೀವ್ ಅಲ್ಲೇ ಇರಿ."

ಜೀಪು, ಬೆಂಕಿ ಆರಿಸುವ ಜನ ಎಲ್ಲ ಬೈಂದೂರಿನಲ್ಲಿ ತಯಾರಾಗಿಯೇ ಇದ್ದರು. ಹೊರಡಲು ಸಾಹೇಬರ ಒಂದು ಮಾತು ಸಾಕು. ಸಾಹೇಬರು ಉಡುಪಿಯಲ್ಲಿ ಮೀಟಿಂಗಿನಲ್ಲಿದ್ದರು, ಏನಿದ್ದರೂ ಮೆಸೇಜು ಹಾಕಿ ಎಂದಿದ್ದರು. ಕುಷ್ಟನ ದನಿ ಇನ್ನೂ ಕಿವಿಯಲ್ಲಿರುವಾಗಲೇ ನವ್ಯಶ್ರೀ ಮೀನು ಮುಟ್ಟದ ಕೈಯಿಂದ ಗಡಿಬಿಡಿಯಲ್ಲಿ ಒತ್ತಿದಳು: "ಬಿಜೂರು ಹಾಡಿಯಲ್ಲಿ ಬೆಂಕಿ ಇತ್ತು. ಸಣ್ಣದು. ಕುಷ್ಟ ಅಲ್ಲೇ ಇದ್ದಾನೆ."

ಕೂಡಲೇ ಹೆಬ್ಬೆರಳಿನ ಚಿತ್ರ ಬಂತು. ಜೀಪು ಹೊರಟಿತು ಎಂದುಕೊಂಡಳು. ಬಂಗುಡೆ ರುಚಿಯಾಗಿತ್ತು. ಆಮೇಲೆ ಎಂದೂ ಅವಳು ಬುತ್ತಿಗೆ ಬಂಗುಡೆ ಹಾಕಿಕೊಂಡಿಲ್ಲ.

ಮುಕ್ಕಾಲು ಗಂಟೆ ಬಿಟ್ಟು ಬರುವ ಇನ್ನೊಂದು ಉಪಗ್ರಹದ ಚಿತ್ರ ತೆರೆದುಕೊಂಡಾಗ ಹಾಡಿಯ ಉದ್ದಕ್ಕೂ ಕೆಂಪು ಚೌಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕುಷ್ಟನ ಫೋನು ಸಿಗಲಿಲ್ಲ. ಮೀಟಿಂಗು ಗೀಟಿಂಗು ಎಂದು ನೋಡದೆ ಅವಳು ಸಾಹೇಬರಿಗೆ ಫೋನು ಮಾಡಿದಳು.

"ಜೀಪ್ ಎಲ್ಲಿದೆ ಸರ್?"

"ಯಾವ ಜೀಪು?" ಸಾಹೇಬರು ಹಾವೇರಿ ಕಡೆಯವರು. "ಬೆಂಕಿ ಇತ್ತು ಅಂತ ಬರದೀರಲ್ರೀ. ಇತ್ತು ಅಂದ್ರ ಆರಿ ಹೋಗೇತಿ ಅಂತ ತಿಳ್ಕೊಂಡೆ ನಾ."

"ಇದೆ ಸರ್, ಉರಿಯುತ್ತಿದೆ! ಜೀಪ್ ಕಳಿಸಿ," ಎಂದಳು ನವ್ಯಶ್ರೀ. ಕುಂದಾಪುರದವರ ಬಾಯಲ್ಲಿ 'ಇತ್ತ್' ಎಂದರೆ ಇದೆ ಎಂದೇ ಅರ್ಥ. ಮುಗಿದುಹೋದದ್ದಕ್ಕೆ 'ಇದ್ದಿತ್' ಎನ್ನುತ್ತಾರೆ. ಅನ್ಯ ಊರಿನವರಿಗೆ ಇದು ತಮಾಷೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಅವಳು "ಬಿಸಿನೀರು ಇತ್ತು, ಹೋಗಿ" ಎಂದಾಗ ರೂಮಿನ ಗೆಳತಿ, ಖಾಲಿಯಾಯಿತಲ್ಲ ಎಂದು ಮುಖ ಊದಿಸಿಕೊಂಡು ಕೂತಿದ್ದಳು. ವರ್ಷವಿಡೀ ಎಲ್ಲರೂ ಅದನ್ನೇ ಹೇಳಿ ನಕ್ಕಿದ್ದರು. ಅಂದಿನಿಂದ ಬರೆಯುವಾಗ ಮೈಯೆಲ್ಲ ಕಣ್ಣಾಗಿದ್ದವಳು, ಇದೊಂದು ದಿನ ಮೈಮರೆತಿದ್ದಳು.

ಜೀಪು ಆಮೇಲೆ ಹೋಯಿತು. ಸಂಜೆಯ ಹೊತ್ತಿಗೆ ಬೆಂಕಿ ಆರಿತು, ಅಥವಾ ಸುಡಲು ಏನೂ ಉಳಿಯದೆ ತಾನೇ ಸುಮ್ಮನಾಯಿತು.

ಮರುದಿನ ಬೆಳಿಗ್ಗೆ ನವ್ಯಶ್ರೀ ಹಾಡಿಗೆ ಹೋದಾಗ ಕುಷ್ಟ ಅದೇ ಬಂಡೆಯ ಮೇಲೆ ಕೂತಿದ್ದ. ಸೊಪ್ಪಿನ ಗೆಲ್ಲು ಹಿಡಿದು ಒಬ್ಬನೇ ಬೆಂಕಿ ಬಡಿದ ಅಂಗೈಗಳಿಗೆ ಬಟ್ಟೆ ಸುತ್ತಿತ್ತು. ಹುಬ್ಬಿನ ಕೂದಲು ಸುಟ್ಟಿತ್ತು. ಕಾಲಿಟ್ಟಲ್ಲೆಲ್ಲ ಬೂದಿ ಇನ್ನೂ ಬೆಚ್ಚಗಿತ್ತು.

"ಜೀಪ್ ಬೇಗ ಬರ್ಲಿಲ್ಲ ಅಲ್ದಾ," ಎಂದ ಅವನು. "ಬೇರೆಲ್ಲೋ ದೊಡ್ಡ ಕಿಚ್ಚ್ ಬಿದ್ದಿರ್ಕ್ ಅಂದ್ಕಂಡೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಎಲ್ಲೂ ಬೀಳ್ಲಿಲ್ಲ ಕುಷ್ಟಣ್ಣ. ನಾ ಬರ್ದದ್ದ್ ತಪ್ಪಾಯ್ತ್," ಎಂದು ಮೊಬೈಲು ತೆಗೆದು ಅವನ ಮುಂದೆ ಹಿಡಿದಳು. ಅವನು ಕಣ್ಣು ಕಿರಿದು ಮಾಡಿ, ತುಟಿ ಅಲುಗಿಸುತ್ತ ಓದಿದ.

"ಬೆಂಕಿ ಇತ್ತು... ಸಮಾ ಬರ್ದಿದ್ರಿ ಅಲೆ! ಇದ್ರಗೆ ಎಂತ ತಪ್ಪ್?"

ಅವಳಿಗೆ ಅಳು ಬಂತು. ಮೊಬೈಲು ಒಳಗಿಟ್ಟು ಧೂಪದ ಮರದ ಕಡೆ ತಿರುಗಿದಳು. ಬುಡದ ಟೊಳ್ಳಿನಿಂದ ಒಳಹೊಕ್ಕ ಬೆಂಕಿ ಮೇಲೆ ಹತ್ತಿತ್ತು. ಪೊಟರೆಯ ಸಂದಿಯಿಂದ ಸಣ್ಣಗೆ ಹೊಗೆ ಬರುತ್ತಿತ್ತು.

"ಮರ ಇತ್ತ್ ಅಲ್ದಾ ಕುಷ್ಟಣ್ಣ?"

"ಮರ ಇತ್ತ್."

"ಹಕ್ಕಿ?"

ಕುಷ್ಟ ಬಟ್ಟೆ ಸುತ್ತಿದ ಕೈಯನ್ನು ನೋಡಿಕೊಂಡ.

"ಇದ್ದಿತ್," ಎಂದ.

ಪಕ್ಕದ ಕರಿ ಗೆಲ್ಲಿನ ಮೇಲೆ ಗಂಡು ಮಂಗಟ್ಟೆ ಬಂದು ಕೂತಿತ್ತು. ಅದರ ಕೊಕ್ಕಿನಲ್ಲಿ ಹಣ್ಣಿತ್ತು.