ಪರದೇಶದ ತಪ್ಪಿಗೆ ಹಟ್ಟಿಯ ಟಗರು

“ನಾಲಿಗೆ ಕೊಯ್ಕಂಡು ಬಾ ಅಂದ್ರೆ ಇಡೀ ಹೆಣಾನೇ ಹೊತ್ಕಂಡು ಬಂದೀಯಲ್ಲೇ ಲೌಡಿ! ಇದೇನು ನಿಮ್ಮಪ್ಪನ ಸುಡುಗಾಡಾ? ಇಳಿಸಬ್ಯಾಡ! ಇಳಿಸಬ್ಯಾಡ ಅಂದೆ!”

ಬೊಮ್ಮಲಿಂಗಪ್ಪ ಧಣಿ ತನ್ನ ಗೋಡೌನಿನ ಜಗಲಿ ಮೇಲೆ ನಿಂತು ಅರಚುತ್ತಿದ್ದ. ಕೆಳಗೆ ಪಾಪಕ್ಕ, ಹೆಗಲ ಮೇಲೆ ಸತ್ತ ಕುರಿ. ಅದರ ನಾಲಿಗೆ ನೇರಳೆಹಣ್ಣು ತಿಂದಂಗೆ ನೀಲಿಗಟ್ಟಿ ಹೊರಕ್ಕೆ ಜೋತಿತ್ತು. ಜೊಲ್ಲು ಹರಿದು ಅವಳ ಸೆರಗೆಲ್ಲ ಒದ್ದೆಯಾಗಿತ್ತು.

“ಕೊಯ್ಯಾಕೆ ಕೈ ಬರ್ಲಿಲ್ಲ ಧಣಿ. ಗಬ್ಬದ ಕುರಿ.”

“ಕೈ ಬರ್ಲಿಲ್ವಂತೆ! ಬಾಡು ತಿನ್ನಾಕೆ ಬರ್ತೈತಲ್ಲ ಕೈ? ಇನ್ನೊಂದ್ಸಲ ಹಿಂಗೆ ಬಂದ್ರೆ ನಿನ್ ನಾಲಿಗೇನೇ ಕೊಯ್ದು ಡಾಕ್ಟ್ರ ಸೀಸೆಗೆ ಹಾಕಿಸ್ತೀನಿ ನೋಡು.”

ಬೈಗುಳ ಪಾಪಕ್ಕನಿಗೆ ಹೊಸದಲ್ಲ. ಬೈಸಿಕೊಂಡೂ ಬೈಸಿಕೊಂಡೂ ಗೊಲ್ಲರ ಕಿವಿ ಜಡ್ಡುಗಟ್ಟಿ ಎಷ್ಟು ಕಾಲವಾಯ್ತೋ. ಅವಳು ಬಂದಿದ್ದು ಒಳಗೆ ಫ್ರಿಜ್ಜಿನಲ್ಲಿದ್ದ ಔಷಧಿಗಾಗಿ. ಅದೊಂದು ಸಿಕ್ಕರೆ ಉಳಿದ ಕುರಿ ಉಳಿಯುತ್ತವೆ, ಕುರಿ ಉಳಿದರೆ ಹಟ್ಟಿ ಉಳಿಯುತ್ತದೆ. ಗೊಲ್ಲರ ಲೆಕ್ಕ ಇಷ್ಟೇ.

ಇಸವಿ ಎರಡು ಸಾವಿರ ಇನ್ನೇನು ಹತ್ತಿರ ಬಂದಿತ್ತು. ನನ್ನಿವಾಳದಾಚೆ, ಹುಲ್ಲುಗಾವಲಿನ ಅಂಚಿನ ಆ ಗೊಲ್ಲರಹಟ್ಟಿಗೆ ಕುರಿಗಳ ನೀಲಿನಾಲಿಗೆ ಬೇನೆಗೆ ಹೊಸ ಚುಚ್ಚುಮದ್ದು ಕಂಡುಹಿಡಿಯುತ್ತೇವೆ ಅಂತ ಒಂದು ಸಂಶೋಧನೆ ಬಂದು ಕೂತಿತ್ತು. ಕಡಲಾಚೆಯ ಹಲವು ದೇಶಗಳು ಒಂದು ಕೂಟ ಕಟ್ಟಿಕೊಂಡು, ಎಲ್ಲರೂ ಸೇರಿ ಹಾಕಿದ ಗಂಟಿನಿಂದ ನಡೆಸುವ ಕೆಲಸವಂತೆ. ಗೋಡೌನು ಧಣಿಯದು, ಊರ ಸಮಿತಿಗೆ ಅಧ್ಯಕ್ಷನೂ ಅವನೇ, ಜೀಪಿನ ಮುಂದಿನ ಸೀಟೂ ಅವನದೇ. ಹಟ್ಟಿಯವರದು ಕುರಿ ಮಾತ್ರ. ಪ್ರತಿ ಮಂದೆಯಲ್ಲಿ ಅರ್ಧ ಕುರಿಗಳ ಕಿವಿಗೆ ಕೆಂಪು ಬಿಲ್ಲೆ ಹೊಡೆದು ನಿಜವಾದ ಔಷಧಿ ಚುಚ್ಚಿದರು. ಇನ್ನರ್ಧಕ್ಕೆ ನೀಲಿ ಬಿಲ್ಲೆ ಹೊಡೆದು ಬರೀ ನೀರು ಚುಚ್ಚಿದರು.

“ನೀರು ಚುಚ್ಚಿದ್ದು ಸತ್ತು, ಔಷಧಿ ಚುಚ್ಚಿದ್ದು ಬದುಕಿದರೆ ತಾನೇ ನಮಗೆ ಗೊತ್ತಾಗೋದು?” ಅಂತ ಡಾಕ್ಟರ್ ಪ್ರಭು ನಗುತ್ತಾ ಹೇಳಿದ್ದ. ಹಟ್ಟಿಯಲ್ಲಿ ಯಾರೂ ನಗಲಿಲ್ಲ. ಆದರೂ ಒಪ್ಪಿದರು, ಯಾಕೆಂದರೆ ಅವನೊಂದು ಮಾತು ಕೊಟ್ಟಿದ್ದ: ಪರೀಕ್ಷೆ ಮುಗಿದ ಮೇಲೆ ನೀಲಿ ಬಿಲ್ಲೆಯವಕ್ಕೂ ನಿಜವಾದ ಔಷಧಿ ಹಾಕುತ್ತೇವೆ. ಅಲ್ಲಿಯವರೆಗೆ ಬೇರೆ ಮದ್ದು ಹಾಕಕೂಡದು, ಸತ್ತ ಕುರಿಯ ನಾಲಿಗೆ ಕೊಯ್ದು ತಪಾಸಣೆಗೆ ತಂದುಕೊಡಬೇಕು.

ಪರೀಕ್ಷೆ ಮುಗಿದಿತ್ತು. ಔಷಧಿಯೂ ಬಂದು ಫ್ರಿಜ್ಜಿನಲ್ಲಿ ಕೂತಿತ್ತು. ಮಳೆ ಹಿಡಿದು ಬೇನೆ ಮತ್ತೆ ಹಟ್ಟಿಗೆ ಕಾಲಿಟ್ಟ ಹೊತ್ತಿನಲ್ಲಿ ಸಂಶೋಧನೆಯವರು ಬಾಗಿಲು ಹಾಕಿಕೊಂಡು ಕೂತಿದ್ದರು.

ಡಾಕ್ಟರು ಹೊರಗೆ ಬಂದ. ಕುರಿಯ ಕಡೆ ನೋಡಲೇ ಇಲ್ಲ.

“ಔಷಧಿ ಕೊಡಕ್ಕಾಗಲ್ಲಮ್ಮ. ನಮ್ಮ ಪಾಲಿನ ದುಡ್ಡು ಯಾವ ದೇಶದ ಮೂಲಕ ಬರ್ತಿತ್ತೋ ಆ ದೇಶ ಕೂಟ ಬಿಟ್ಟು ಹೊರಗೆ ಹೋಗ್ಬಿಟ್ಟಿದೆ. ಇನ್ನು ಕೂಟದ ಗಂಟನ್ನ ನಾವು ಮುಟ್ಟೋಹಾಗಿಲ್ಲ. ಪ್ರಾಜೆಕ್ಟ್ ಕ್ಲೋಸ್.”

“ದುಡ್ಡು ಬ್ಯಾಡ ಸ್ವಾಮಿ. ಔಷಧಿ ಇಲ್ಲೇ ಐತಲ್ಲ?”

“ಅದೂ ಕೂಟದ ದುಡ್ಡಲ್ಲೇ ಮಾಡಿದ್ದು. ಹೊರಗೆ ಹೋದ ದೇಶದ ಪ್ರಾಜೆಕ್ಟ್ ಅದನ್ನ ಬಳಸೋಹಾಗಿಲ್ಲ. ನಾಶ ಮಾಡಿ ಅಂತ ಆರ್ಡರ್ ಬಂದಿದೆ.”

ಪಾಪಕ್ಕ ಅವನ ಮುಖವನ್ನೇ ನೋಡಿದಳು. “ಗಂಡ ಹೆಂಡ್ರು ಜಗಳದಾಗೆ ಕೂಸು ಬಡವಾತು ಅಂದಂಗಾತಲ್ಲಪ್ಪೋ! ಅವ್ಯಾವನೋ ಎಲ್ಲಿಂದ್ಲೋ ಎದ್ದು ಹೋದ್ರೆ ನನ್ ಕುರಿ ಯಾಕೆ ಸಾಯ್ಬೇಕು?”

“ನಡಿಯೇ ಸಾಕು,” ಅಂದ ಧಣಿ. “ನಿನ್ ಹೆಣ ತಗಂಡು ನಡಿ.”

ಸಂಜೆ ಹಟ್ಟಿಯ ದೇವರ ಗುಡಿ ಮುಂದೆ ಎಲ್ಲರೂ ಕೂತರು. ಯಜಮಾನ ದೊಡ್ಡಪಾಲಯ್ಯ ಕಟ್ಟೆಮನೆಯ ಹಿರಿಯ. ಕಟ್ಟೆಮನೆ ಅಂದರೆ ಗೊಲ್ಲರ ನ್ಯಾಯ ಹೇಳುವ ಜಾಗ, ಕುಲದಿಂದ ಹೊರಗೆ ಹಾಕುವುದೂ ಅಲ್ಲೇ, ಒಳಗೆ ಕೂಡಿಸಿಕೊಳ್ಳುವುದೂ ಅಲ್ಲೇ. ಮುದುಕ ಪಾಪಕ್ಕನ ಮಾತೆಲ್ಲ ಕೇಳಿ ಗಡ್ಡ ಕೆರೆದುಕೊಂಡ. ಆಮೇಲೆ ಅವನ ಮುಖ ಅರಳಿತು.

“ಇಷ್ಟೇಯೇನ್ರಲೇ? ಕೂಟ ಬಿಟ್ಟು ಹೋದೋರು ನಮ್ಮಾಗಿಲ್ವಾ? ಜುಂಜಣ್ಣ ಹೋಗಿರ್ಲಿಲ್ವಾ?”

ಜುಂಜಣ್ಣ ಪಾಪಕ್ಕನ ಗಂಡ. ಹಿಂದೆ ಹಿರಿಯರ ಮಾತು ಮೀರಿ ಕುಲದಿಂದ ಹೊರಗೆ ಬಿದ್ದಿದ್ದ. ಬೆಂಕಿ ಇಲ್ಲ, ನೀರಿಲ್ಲ. ಕಡೆಗೆ ತಪ್ಪು ಕಟ್ಟಿ, ಅಂದರೆ ಟಗರು ಕಡಿದು ಎಲ್ಲರಿಗೂ ತಪ್ಪಿನೂಟ ಹಾಕಿ, ನೆಲಕ್ಕೆ ಮೂಗು ತಿಕ್ಕಿ, ಒಳಗೆ ಬಂದಿದ್ದ.

“ಹೂಂನಪ್ಪ,” ಅಂದ ಜುಂಜಣ್ಣ, ತಲೆ ಎತ್ತದೆ.

“ಆ ದೇಶದ್ದೂ ಅದೇ ಕಥೆ. ತಪ್ಪು ಕಟ್ಟಿದ್ರೆ ಕೂಡಿಸ್ಕಂತಾರೆ. ತಪ್ಪಿನೂಟ ಉಂಡ ಮ್ಯಾಲೆ ನೀನು ಹೊರಗಿನೋನು ಅನ್ನಾಕೆ ಯಾರ್ಗೂ ಬಾಯಿಲ್ಲ.”

“ಆ ದೇಶದೋರು ಬಂದು ಕಟ್ತಾರಾ ಯಜಮಾನ?” ಅಂದಳು ಪಾಪಕ್ಕ.

“ಅವ್ರು ಎಲ್ಲಿ ಬರ್ತಾರೆ? ಅವರನ್ನ ನಂಬಿ ಕುರಿ ಕೊಟ್ಟೋರು ನಾವು. ಅವ್ರ ತಪ್ಪು ನಾವೇ ಕಟ್ಟಾನ.”

ನಗಬೇಡಿ. ಅವರಿಗೆ ಗೊತ್ತಿದ್ದ ನ್ಯಾಯ ಅದೊಂದೇ, ಮತ್ತು ಆ ನ್ಯಾಯದಲ್ಲಿ ಯಾರೂ ಯಾರಿಗೂ ಮೋಸ ಮಾಡಿದ್ದಿಲ್ಲ.

ಬೇನೆ ತಗುಲಿದ ಟಗರನ್ನು ತಪ್ಪಿಗೆ ಕೊಡುವಂತಿಲ್ಲ. ಹಟ್ಟಿಯಲ್ಲಿ ಮೈ ತುಂಬಿಕೊಂಡಿದ್ದ ಟಗರು ಪಾಪಕ್ಕನದೊಂದೇ, ಕೆಂಪು ಬಿಲ್ಲೆಯದು. ಮುಂದಿನ ಮರಿಗಳೆಲ್ಲ ಅದರಿಂದಲೇ ಆಗಬೇಕಿತ್ತು. ಎಲ್ಲರೂ ಅವಳ ಕಡೆ ನೋಡಿದರು. ಅವಳು ಎದ್ದು ಹೋಗಿ ಹಗ್ಗ ಬಿಚ್ಚಿ ತಂದಳು.

ಬೆಳಿಗ್ಗೆ ಟಗರಿಗೆ ಅರಿಶಿನ ಬಳಿದು, ಎಲೆ ಅಡಿಕೆ ಹಿಡಿದು, ಹಟ್ಟಿ ಬರಿಗಾಲಲ್ಲಿ ಗೋಡೌನಿಗೆ ಬಂತು. ದೊಡ್ಡಪಾಲಯ್ಯ ವಿಷಯ ಹೇಳಿದ. ಡಾಕ್ಟರಿಗೆ ಅರ್ಥವಾಗಲಿಲ್ಲ. ಧಣಿಗೆ ಚೆನ್ನಾಗಿ ಅರ್ಥವಾಯಿತು. ಅವನು ಡಾಕ್ಟರ ಕಿವಿಯಲ್ಲಿ ಏನೋ ಅಂದ, ಇಬ್ಬರೂ ಒಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕಿದ್ದು ಹೊರಗೂ ಕೇಳಿಸಿತು. ಮತ್ತೆ ಬಂದಾಗ ಧಣಿಯ ಮುಖ ಗಂಭೀರವಾಗಿತ್ತು.

“ಆಗ್ಲಿ ಕಣ್ರಲೇ. ಕೂಟದ ಪರವಾಗಿ ಡಾಕ್ಟ್ರು ಕೂರ್ತಾರೆ. ಆ ದೇಶದ ಬದ್ಲು ಯಾವನು ಮೂಗು ತಿಕ್ಕಾನು?”

“ನಾನು, ಧಣಿ,” ಅಂದ ದೊಡ್ಡಪಾಲಯ್ಯ.

“ತಿಕ್ಕು ಮತ್ತೆ. ಈ ಮೆಟ್ಲಿಂದ ಆ ಜೀಪಿನ ತಂಕ.”

ಮುದುಕ ಅಂಗಾತ ಬೀಳುವಷ್ಟು ನಿತ್ರಾಣ. ಆದರೂ ರುಮಾಲು ಬಿಚ್ಚಿಟ್ಟು, ಮಂಡಿಯೂರಿ, ಗರಸು ಕಲ್ಲಿನ ಮೇಲೆ ಮೂಗು ಎಳೆದುಕೊಂಡು ಹೋದ. ಮೂಗಿನ ತೊಗಲು ಸುಲಿದು ರಕ್ತ ಬಂತು.

“ಜೋರಾಗಿ ಅನ್ನು! ನಮ್ಮ ದೇಶದ್ದು ತಪ್ಪಾತು ಅನ್ನು!”

“ನಮ್ಮ ದೇಶದ್ದು ತಪ್ಪಾತು ಸ್ವಾಮಿ... ನಮ್ಮ ದೇಶದ್ದು ತಪ್ಪಾತು...”

ಡಾಕ್ಟರು ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ಜುಂಜಣ್ಣ ಹಲ್ಲು ಕಡಿದು ಮುಂದೆ ನುಗ್ಗಿದ. ಪಾಪಕ್ಕ ಅವನ ತೋಳು ಹಿಡಿದಳು. “ಸುಮ್ಕಿರು, ಔಷಧಿ ಸಿಗ್ಲಿ ಮೊದ್ಲು,” ಅಂದಳು.

ಟಗರು ಕಡಿದರು. ಹಟ್ಟಿಯ ಹೆಂಗಸರೇ ಮಸಾಲೆ ಅರೆದರು. ಡಾಕ್ಟರು, ಧಣಿ, ಧಣಿಯ ಬೀಗರು, ಜೀಪಿನ ಡ್ರೈವರು, ಎಲ್ಲ ಉಂಡರು. ಪ್ರಾಜೆಕ್ಟಿನವರಿಗೆ ಬೀಳ್ಕೊಡುಗೆ ಊಟ ಹೇಗಪ್ಪಾ ಅಂತಿದ್ದ ಧಣಿಗೆ ಖರ್ಚಿಲ್ಲದೆ ಕೆಲಸವಾಯಿತು. ಹಟ್ಟಿಯವರು ಬಿಸಿಲಲ್ಲಿ ಕೂತು ಅವರು ಉಣ್ಣುವುದನ್ನು ಸಮಾಧಾನದಿಂದ ನೋಡಿದರು. ಒಂದೊಂದು ತುತ್ತು ಒಳಗೆ ಹೋದಾಗಲೂ ದೊಡ್ಡಪಾಲಯ್ಯ ತಲೆಯಾಡಿಸುತ್ತಿದ್ದ, ಆತು, ಕೂಡಿಸ್ಕಂಡಂಗಾತು ಅಂತ.

“ನಾಳೆ ಕುರಿ ಹೊಡ್ಕಂಡು ಬರ್ರಿ,” ಅಂದ ಧಣಿ ಕೈ ತೊಳೆಯುತ್ತಾ.

ಮರುದಿನ ಹೊತ್ತು ಹುಟ್ಟುವಾಗಲೇ ಇನ್ನೂ ಬೇನೆ ತಗುಲದ ನೀಲಿ ಬಿಲ್ಲೆಯ ಕುರಿಗಳನ್ನೆಲ್ಲ ಹೊಡೆದುಕೊಂಡು ಹಟ್ಟಿ ಬಂತು. ಗೋಡೌನಿನ ಅಂಗಳದಲ್ಲಿ ಗುಂಡಿ ತೋಡಿತ್ತು. ಕೂಲಿಯ ದಾಸಣ್ಣ ಅದರ ತಳಕ್ಕೆ ಸುಣ್ಣ ಸುರಿಯುತ್ತಿದ್ದ. ಡಾಕ್ಟರು ಫ್ರಿಜ್ಜಿನ ಪೆಟ್ಟಿಗೆಯಿಂದ ಸೀಸೆ ತೆಗೆದು ಒಂದೊಂದಾಗಿ ಕಲ್ಲಿಗೆ ಬಡಿದು ಗುಂಡಿಗೆ ಎಸೆಯುತ್ತಿದ್ದ.

“ಏನ್ ಸ್ವಾಮಿ ಇದು?” ಪಾಪಕ್ಕ ಮುಂದೆ ಬಂದಳು. “ತಪ್ಪಿನೂಟ ಉಂಡ್ರಲ್ಲ!”

“ಉಂಡ್ವಿ. ಚೆನ್ನಾಗಿತ್ತು,” ಅಂದ ಡಾಕ್ಟರು. “ಖಾರ ಸ್ವಲ್ಪ ಜಾಸ್ತಿ ಆಯ್ತು.”

ಧಣಿ ಕಿಸಕ್ಕನೆ ನಕ್ಕ. “ಕುರಿಗಿರೋ ಬುದ್ಧೀನೂ ಇಲ್ಲ ನಿಮ್ಗೆ. ಒಂದು ಟಗರು ಕಡಿದ್ರೆ ಪರದೇಶ ವಾಪಸ್ ಬರ್ತೈತೇನ್ರಲೇ, ಬೋಳಿಮಕ್ಳಾ? ಲೇ ದಾಸ, ಮಣ್ಣೆಳಿ!”

ದಾಸಣ್ಣ ಸಲಿಕೆ ಎತ್ತಿದ. ಎತ್ತಿದ್ದು ಎತ್ತಿದಂತೆಯೇ ನಿಂತ. ಪಾಪಕ್ಕ ಗುಂಡಿಗೆ ಇಳಿದುಬಿಟ್ಟಿದ್ದಳು. ಸುಣ್ಣ ಕಾಲು ಸುಡುತ್ತಿತ್ತು, ಗಾಜು ಅಂಗಾಲಿಗೆ ನೆಡುತ್ತಿತ್ತು. ಬಗ್ಗಿ ಒಡೆಯದೆ ಬಿದ್ದಿದ್ದ ಸೀಸೆಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು.

“ಹಾಕಲೇ ಮಣ್ಣು! ಅವಳ ತಲೆ ಮ್ಯಾಲೆ ಹಾಕು!”

ದಾಸಣ್ಣ ಸಲಿಕೆಯನ್ನು ಧಣಿಯ ಕಾಲಬುಡಕ್ಕೆ ಎಸೆದ. “ನೀನೇ ಹಾಕಪ್ಪ,” ಅಂದು ಗೇಟು ದಾಟಿ ಹೊರಟುಹೋದ.

ಡಾಕ್ಟರು ಕೈಲಿದ್ದ ಖಾಲಿ ಪೆಟ್ಟಿಗೆ ಕೆಳಗಿಟ್ಟು ಜೀಪು ಹತ್ತಿದ. ಧಣಿಯೂ ಹತ್ತಿದ. ಡ್ರೈವರು ಚಾಲೂ ಮಾಡಿ ಗೇಟಿನ ಕಡೆ ತಿರುಗಿಸಿದ. ಗೇಟಿನಲ್ಲಿ ಮೂಗಿನ ಮೇಲೆ ಹೆಪ್ಪುಗಟ್ಟಿದ ರಕ್ತದೊಂದಿಗೆ ದೊಡ್ಡಪಾಲಯ್ಯ ನಿಂತಿದ್ದ. ಅವನು ನಿಧಾನವಾಗಿ ಬಗ್ಗಿ, ಬೇಲಿಯಿಂದ ಒಂದು ಜಾಲಿಮುಳ್ಳಿನ ಕೊಂಬೆ ಎಳೆದು ದಾರಿಗೆ ಅಡ್ಡ ಹಾಕಿದ. ತಪ್ಪಿನೂಟ ಉಂಡು ಮಾತು ಮುರಿದವನ ಬಾಗಿಲಿಗೆ ಮುಳ್ಳು ಬಡಿಯುವುದು ಕಟ್ಟೆಮನೆಯ ಕಡೆಯ ಶಿಕ್ಷೆ. ಅವನ ಆಯಸ್ಸಿನಲ್ಲಿ ಯಾರಿಗೂ ಹಾಕಿರಲಿಲ್ಲ. ಜುಂಜಣ್ಣ ಇನ್ನೊಂದು ಕೊಂಬೆ ಎಳೆದ. ಆಮೇಲೆ ಹೆಂಗಸರು. ನೋಡನೋಡುತ್ತಾ ಮುಳ್ಳು ಆಳೆತ್ತರ ಎದ್ದಿತು.

“ಪೊಲೀಸಿನೋರ್ನ ಕರೆಸ್ತೀನಿ! ಒಬ್ಬೊಬ್ಬರ ಚರ್ಮ ಸುಲಿಸ್ತೀನಿ, ಸೂಳೆಮಕ್ಳಾ!”

“ಕರಿಯಪ್ಪ,” ಅಂದ ದೊಡ್ಡಪಾಲಯ್ಯ. “ಅವ್ರೂ ಈ ಮುಳ್ಳು ದಾಟೇ ಬರ್ಬೇಕು.”

ಪಾಪಕ್ಕ ಗುಂಡಿಯಿಂದ ಮೇಲೆ ಬಂದಳು. ಕಾಲ ತುಂಬ ಬೊಬ್ಬೆ, ರಕ್ತ, ಸುಣ್ಣ. ಜೀಪಿನ ಬಳಿ ಹೋಗಿ ಡಾಕ್ಟರ ಪಕ್ಕದ ಕಿಟಕಿಗೆ ಮಡಿಲು ತೋರಿಸಿದಳು.

“ಸೂಜಿ ತಗಿಯಪ್ಪ. ಒಂದೊಂದು ಕುರೀನೂ ಹಿಡ್ಕಂತೀವಿ, ನೀನು ಚುಚ್ತಾ ಹೋಗು. ಮುಗಿಯಾತಂಕ ಮುಳ್ಳು ತಗಿಯಲ್ಲ.”

“ಅದು ತಣ್ಣಗಿರಬೇಕಮ್ಮ!” ಅಂದ ಡಾಕ್ಟರು. “ಬಿಸಿಲಿಗೆ ಕೆಟ್ಟೋಗುತ್ತೆ. ಇನ್ನರ್ಧ ಗಂಟೆ ಕಳೆದ್ರೆ ಬರೀ ನೀರು ಅದು!”

“ಹಂಗಾರೆ ಬ್ಯಾಗ ಇಳಿ.”

ಡಾಕ್ಟರು ಧಣಿಯ ಮುಖ ನೋಡಿದ. ಧಣಿ ಕೈ ಚಾಚಿ ಕಿಟಕಿಯ ಗಾಜು ಏರಿಸಿದ. ಹೊರಗೆ ಕುರಿಗಳು ಒರಲುತ್ತಿದ್ದವು. ಬಿಸಿಲು ಗೋಡೌನಿನ ಶೀಟು ದಾಟಿ ಅಂಗಳಕ್ಕಿಳಿಯಿತು. ಪಾಪಕ್ಕ ಮಡಿಲಿನ ಮೇಲೆ ಬಾಗಿ, ತನ್ನ ಮೈನೆರಳಲ್ಲಿ ಸೀಸೆಗಳನ್ನು ಮರೆಮಾಡಿ, ಜೀಪಿನ ಗಾಜನ್ನು ಬಡಿಯುತ್ತಲೇ ಇದ್ದಳು.